ಉಪಕರಣದಲ್ಲಿ ದೋಷವಿಲ್ಲ

‘ಉಪಕರಣದಲ್ಲಿ ದೋಷವಿಲ್ಲ.’ ಎರಡೇ ಪದದ ಈ ವಾಕ್ಯ ನಾನು ಬರೆದದ್ದು. ಅದು ಸುಳ್ಳಲ್ಲ. ಇವತ್ತಿಗೂ ಅದನ್ನು ಸುಳ್ಳೆಂದು ಯಾರೂ ತೋರಿಸಲಾರರು. ಆದರೆ ಆ ವಾಕ್ಯದಿಂದ ತಿ. ನರಸೀಪುರದ ಒಬ್ಬ ಹೆಣ್ಣುಮಗಳು ಹತ್ತೊಂಬತ್ತು ದಿನ ಕೆಲಸದಿಂದ ಹೊರಗಿದ್ದರು.

ಅದಕ್ಕೆ ಮೊದಲು ನಾನು ಮೈಸೂರಿನ ಒಂದು ಪತ್ರಿಕೆಯಲ್ಲಿದ್ದೆ. ಕೆಲವು ವರ್ಷ ನಂಜನಗೂಡಿನ ವರದಿಗಾರ, ಆಮೇಲೆ ಡೆಸ್ಕಿನಲ್ಲಿ. ಪತ್ರಿಕೆ ಪುಟ ಕಡಿಮೆ ಮಾಡಿತು, ಜೊತೆಗೆ ಜನರನ್ನೂ. ಪರಿಚಯದವರೊಬ್ಬರು ಕಚೇರಿಗಳಿಗೆ ಟೆಲಿಫೋನ್ ವ್ಯವಸ್ಥೆ ಹಾಕಿಕೊಡುವ ಸಣ್ಣ ಕಂಪನಿ ನಡೆಸುತ್ತಿದ್ದರು. ‘ನಮ್ಮ ಹುಡುಗರಿಗೆ ವೈರು ಎಳೆಯೋಕೆ ಬರುತ್ತೆ, ನಾಲ್ಕು ಸಾಲು ಬರೆಯೋಕೆ ಬರಲ್ಲ’ ಎಂದು ನನ್ನನ್ನು ಕರೆದರು. ಎಲ್ಲಿ ಎಷ್ಟು ಲೈನು ಬೇಕು, ಎಂಥ ಪೆಟ್ಟಿಗೆ ಬೇಕು ಎಂಬ ಯೋಜನೆ ಬರೆಯುವುದು ನನ್ನ ಕೆಲಸವಾಯಿತು.

ಕಲಿಯಲು ಕಷ್ಟವಾಗಲಿಲ್ಲ. ಹೊರಗಿನ ಫೋನ್ ಲೈನುಗಳು ಬಂದು ಒಳಗಿನ ಕಂಪ್ಯೂಟರಿಗೆ ಸೇರುವ ಪೆಟ್ಟಿಗೆಗೆ ಗೇಟ್‌ವೇ ಎನ್ನುತ್ತಾರೆ. ಅದರಲ್ಲಿ ಎಷ್ಟು ಪೋರ್ಟ್ ಇದೆಯೋ ಒಂದೇ ಹೊತ್ತಿಗೆ ಅಷ್ಟು ಮಾತು. ಒಂದು ಹೆಚ್ಚಾದರೆ ಕರೆ ಮಾಡಿದವರಿಗೆ ಎಂಗೇಜ್ ಟೋನ್. ಎಷ್ಟು ಪೋರ್ಟ್ ಬೇಕೆಂದು ಹೇಳಲು ಇಡೀ ದಿನದ ಕರೆ ಎಣಿಸಿ ಪ್ರಯೋಜನವಿಲ್ಲ. ದಿನದಲ್ಲಿ ಅತಿ ಹೆಚ್ಚು ಕರೆ ಬರುವ ಗಂಟೆ ಯಾವುದು, ಆ ಗಂಟೆಯಲ್ಲಿ ಎಷ್ಟು ಕರೆ, ಒಂದೊಂದು ಎಷ್ಟು ನಿಮಿಷ ಎನ್ನುವುದು ಗೊತ್ತಾಗಬೇಕು. ಆ ಗಂಟೆಗೆ ಈ ಕಸುಬಿನಲ್ಲಿ ‘ಬಿಜಿ ಅವರ್’ ಎಂದು ಹೆಸರು. ಅದನ್ನು ಸರಿಯಾಗಿ ಹಿಡಿದರೆ ಉಳಿದದ್ದು ಗುಣಾಕಾರ.

ನಂಜನಗೂಡಿನ ಒಂದು ಟ್ರಸ್ಟ್ ಆಸ್ಪತ್ರೆಯವರು ಕಾಲ್ ಸೆಂಟರ್ ಮಾಡಲು ಹೊರಟರು. ಸುತ್ತಲಿನ ಹಳ್ಳಿಗಳ ಜನ ಕಣ್ಣಿನ ಪೊರೆ, ಹರ್ನಿಯಾ ಇಂಥ ಆಪರೇಷನ್ನುಗಳಿಗೆ ದಿನ ಕೇಳಲು ಬಸ್ಸು ಹತ್ತಿ ಬರುತ್ತಿದ್ದರು. ಇನ್ನು ಮೇಲೆ ಫೋನಿನಲ್ಲೇ ದಿನ ಕೊಡುವುದು ಎಂದು ನಿಶ್ಚಯವಾಯಿತು. ಟ್ರಸ್ಟಿಗೆ ಸೇರಿದ ಕಟ್ಟಡವೊಂದು ತಿ. ನರಸೀಪುರದ ಬಸ್ ನಿಲ್ದಾಣದ ಹತ್ತಿರ ಖಾಲಿ ಬಿದ್ದಿತ್ತು. ಅದರ ಮಹಡಿಯಲ್ಲಿ ಎಂಟು ಕುರ್ಚಿ, ಎಂಟು ಹೆಡ್‌ಸೆಟ್. ಬೆಳಿಗ್ಗೆ ಎಂಟರಿಂದ ಸಂಜೆ ಆರು, ಭಾನುವಾರ ರಜೆ.

ಆಸ್ಪತ್ರೆಯ ಸ್ವಾಗತದ ಮೇಜಿನಲ್ಲಿ ಮೂರು ತಿಂಗಳ ಫೋನ್ ರಿಜಿಸ್ಟರ್ ಇತ್ತು. ಪ್ರತಿ ಕರೆಯ ಎದುರು ಸಮಯ ಬರೆದಿದ್ದರು. ನಾನು ಅದನ್ನು ಮನೆಗೆ ತಂದು ಗಂಟೆವಾರು ಎಣಿಸಿದೆ. ಎಂಟರಿಂದ ಒಂಬತ್ತಕ್ಕೆ ಇಷ್ಟು, ಒಂಬತ್ತರಿಂದ ಹತ್ತಕ್ಕೆ ಇಷ್ಟು ಎಂದು ಎಲ್ಲ ದಿನಗಳನ್ನೂ ಸೇರಿಸಿ ಸರಾಸರಿ ತೆಗೆದೆ. ಬಂದ ಗೆರೆ ಸಮ ಮಾಡಿದ ಗದ್ದೆಯ ಹಾಗಿತ್ತು. ಎಲ್ಲಿಯೂ ಏರಿಲ್ಲ, ಇಳಿತವಿಲ್ಲ. ಬಿಜಿ ಅವರ್ ಎನ್ನುವುದೇ ಇಲ್ಲದ ಆಸ್ಪತ್ರೆ. ಡೆಸ್ಕಿನಲ್ಲಿದ್ದಾಗ ಇಷ್ಟು ನಯವಾದ ಅಂಕಿ ಯಾರಾದರೂ ತಂದುಕೊಟ್ಟಿದ್ದರೆ ನಾನು ವಾಪಸ್ ಕಳಿಸುತ್ತಿದ್ದೆ. ನನ್ನದಾದ್ದರಿಂದ ಮೆಚ್ಚಿಕೊಂಡೆ.

‘ಎಂಟು ಜನಕ್ಕೆ ಎಂಟು ಪೋರ್ಟಿನ ಗೇಟ್‌ವೇ ಸಾಕು’ ಎಂದು ಬರೆದೆ. ಖಾಲಿ ಹಾಸಿಗೆಗಳ ಪಟ್ಟಿ ಕಂಪ್ಯೂಟರಿನಲ್ಲೇ ಕಾಣುತ್ತದೆ, ಫೋನ್ ಎತ್ತಿದವರು ನೋಡಿ ದಿನ ಕೊಡುತ್ತಾರೆ ಎಂದು ಆಸ್ಪತ್ರೆಯವರು ಹೇಳಿದ್ದರು. ಅದನ್ನೂ ಹಾಗೆಯೇ ಸೇರಿಸಿದೆ. ಪೆಟ್ಟಿಗೆ ಕೂರಿಸಿದ ದಿನ ಒಮ್ಮೆ ತಿ. ನರಸೀಪುರಕ್ಕೆ ಹೋಗಿ ಸಹಿ ಹಾಕಿಸಿಕೊಂಡು ಬಂದೆ. ಕೆಲಸ ಶುರುವಾದ ಮೇಲೆ ಅಲ್ಲಿ ಒಂದು ದಿನವೂ ಕೂರಲಿಲ್ಲ. ನಂಜನಗೂಡಿನಿಂದ ಅದು ಒಂದು ಬಸ್ಸಿನ ದೂರ.

ನಾಲ್ಕು ತಿಂಗಳಾದ ಮೇಲೆ ಟ್ರಸ್ಟಿನ ಆಡಳಿತಾಧಿಕಾರಿ ಫೋನ್ ಮಾಡಿದರು. ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಅವರಿಗೆ ಎಲ್ಲವೂ ಕಡತದಲ್ಲಿರಬೇಕು.

‘ನೋಡಿ, ಬರೀ ತಕರಾರು ಬರ್ತಾ ಇದೆ. ಯಾವಾಗ ಮಾಡಿದ್ರೂ ಎಂಗೇಜ್ ಅಂತಾರೆ ಜನ. ನಮ್ಮ ಟ್ರಸ್ಟಿ ಒಬ್ಬರು ಸೋಮವಾರ ಬೆಳಿಗ್ಗೆ ಖುದ್ದು ಮಾಡಿ ನೋಡಿದ್ರು. ಮೂರು ಸಲ ಎಂಗೇಜ್. ಅದೇ ಹೊತ್ತಲ್ಲಿ ಕ್ಯಾಮೆರಾ ತೆಗೆದು ನೋಡಿದ್ರೆ ನಾಲ್ಕು ಜನ ಕೈ ಕಟ್ಕೊಂಡು ಕೂತವ್ರೆ! ನಿಮ್ಮ ಪೆಟ್ಟಿಗೇಲಿ ಏನಾದ್ರೂ ದೋಷ ಇದೆಯೋ ಇಲ್ವೋ, ಎರಡು ಸಾಲು ಬರೆದು ಕೊಡಿ.’

ನಮ್ಮ ಹುಡುಗ ಹೋಗಿ ಪರೀಕ್ಷೆ ಮಾಡಿ ಬಂದ. ಎಂಟೂ ಪೋರ್ಟ್ ಸರಿಯಾಗಿದ್ದವು. ವ್ಯವಸ್ಥೆಯ ವರದಿಯನ್ನೂ ತೆಗೆದು ನೋಡಿದೆ. ಕಾಯ್ದ ಕರೆ ಸೊನ್ನೆ, ತಪ್ಪಿದ ಕರೆ ಸೊನ್ನೆ. ನನ್ನನ್ನು ಕೇಳಿದ್ದ ಪ್ರಶ್ನೆಗೆ ಉತ್ತರ ಬರೆದೆ. ಉಪಕರಣದಲ್ಲಿ ದೋಷವಿಲ್ಲ.

ಆಡಳಿತಾಧಿಕಾರಿ ಆ ಕಾಗದ ಹಿಡಿದು ತಿ. ನರಸೀಪುರಕ್ಕೆ ಹೋದರು. ಎಂಟೂ ಜನರನ್ನು ನಿಲ್ಲಿಸಿ, ಅವರಲ್ಲಿ ಹಿರಿಯರಾಗಿದ್ದ ಮೇಲ್ವಿಚಾರಕಿಯ ಹೆಸರು ಕೂಗಿ ನೋಟಿಸ್ ಓದಿದರು. ಫೋನ್ ಬೇಕೆಂದೇ ಎಂಗೇಜ್ ಇಡಿಸುತ್ತಾರೆ, ಹುಡುಗಿಯರನ್ನು ಹರಟೆಗೆ ಬಿಡುತ್ತಾರೆ, ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರಕೂಡದು ಎಂದು. ಆರೋಪ ನಿಂತರೆ ವಜಾ. ಇದನ್ನು ನಾನು ಕಣ್ಣಾರೆ ಕಂಡಿಲ್ಲ. ಆ ಕೋಣೆಯಲ್ಲಿದ್ದ ಮೂವರು ಬೇರೆ ಬೇರೆಯಾಗಿ ಹೇಳಿದ್ದು ಒಂದಕ್ಕೊಂದು ತಾಳೆಯಾಯಿತು. ಅಲ್ಲಿ ಮೇಲ್ವಿಚಾರಕಿಯರು ಇಬ್ಬರಿದ್ದರು. ನೋಟಿಸ್ ಒಬ್ಬರಿಗೆ ಮಾತ್ರ ಬಂತು. ಯಾಕೆಂದು ನಾನು ಆಗ ಕೇಳಲಿಲ್ಲ.

ಒಂದು ಮಂಗಳವಾರ ಮಧ್ಯಾಹ್ನ, ನೋಟಿಸ್ ಪಡೆದ ಆ ಮೇಲ್ವಿಚಾರಕಿ ನಂಜನಗೂಡಿನ ನಮ್ಮ ಮನೆ ಹುಡುಕಿಕೊಂಡು ಬಂದರು. ಮೂವತ್ತೈದರ ಆಸುಪಾಸು. ಬನ್ನೂರಿನ ಕಡೆಯ ಹಳ್ಳಿ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಶಾಲೆಯ ಮಕ್ಕಳ ಇನ್ನೂರು ಪುಟದ ನೋಟ್‌ಬುಕ್. ನಿಂತೇ ಮಾತಾಡಿದರು.

‘ಸಾ, ಆ ಕಾಗ್ದ ನೀವೇ ಬರ್ದಿದ್ದಂತೆ.’

ಹೌದು ಎಂದೆ.

‘ಉಪಕರಣದಲ್ಲಿ ದೋಷ ಇಲ್ಲ ಅಂದ್ರೆ ದೋಷ ನಂದು ಅಂತ ತಾನೇ ಅರ್ಥ?’

ಹಾಗೆ ನಾನು ಬರೆದಿಲ್ಲ ಎಂದೆ.

‘ನೀವು ಬರ್ದಿಲ್ಲ ಸಾ. ಓದ್ದೋರು ಹಂಗೇ ಓದ್ಕೊಂಡ್ರು.’

ಕೂರಲು ಹೇಳಿದೆ. ‘ಊರಲ್ಲಿ ನಂಗೆ ಫೋನ್ ಎತ್ತದ ಹೆಂಗ್ಸು ಅಂತಾವ್ರೆ,’ ಎಂದರು ಕೂರುತ್ತಾ. ‘ನಮ್ಮಕ್ಕನ ಮಾವಂಗೆ ಪೊರೆ ಆಪ್ರೇಶನ್ನಿಗೆ ಡೇಟು ಸಿಗ್ನಿಲ್ಲ. ಅದೂ ನನ್ ತಲೆ ಮ್ಯಾಲೆ. ಈ ಕೆಲ್ಸ ಹೋದ್ರೆ ಇನ್ನೊಂದು ಹುಡುಕ್ಬೋದು ಸಾ. ಕಳ್ಳಾಟ ಆಡಿ ತೆಗೆಸ್ಕೊಂಡ್ಳು ಅಂತ ಹೆಸ್ರಾದ್ರೆ ಎಲ್ಲಿ ಹೋಗಿ ತೊಳೀಲಿ?’ ಎಂದು ನೋಟ್‌ಬುಕ್ ತೆರೆದರು.

ಅಷ್ಟರಲ್ಲಿ ನನ್ನ ತಾಯಿ ಅಡುಗೆಮನೆಯಿಂದ ಇಣುಕಿ ಗೋಡೆಯ ಕ್ಯಾಲೆಂಡರ್ ನೋಡಿದರು. ‘ನಾಕೂವರೆ ತಂಕ ರಾಹುಕಾಲ ಕಣಪ್ಪ. ಕಾಗದ ಪತ್ರದ ವಿಷಯ ಆಮೇಲೆ ತೆಗೆದರಾಯ್ತು. ಅಷ್ಟರಲ್ಲಿ ಕಾಫಿ ಕುಡೀಲಿ ಪಾಪ.’

ಬಂದವರು ಮೊದಲ ಸಲ ನಕ್ಕರು. ‘ಅಮ್ಮ, ನಾ ಹೇಳಕ್ ಬಂದಿರೋದೂ ಅದ್ನೇ.’

ನೋಟ್‌ಬುಕ್ಕನ್ನು ನನ್ನ ಕಡೆ ತಿರುಗಿಸಿದರು. ದಿನಕ್ಕೊಂದು ಪುಟ. ಎಡಕ್ಕೆ ಸಮಯ, ಬಲಕ್ಕೆ ಒಂದೆರಡು ಮಾತು. ‘ಒಂದೂ ಕರೆ ಇಲ್ಲ’, ‘ಎಲ್ಲಾ ತುಂಬಿದೆ’, ‘ಇಷ್ಟೊತ್ತೂ ಎಂಗೇಜ್ ಅಂತ ಬೈದರು’. ಸೋಮವಾರದ ಪುಟಗಳಲ್ಲಿ ಎಂಟರಿಂದ ಒಂಬತ್ತು ಖಾಲಿ, ಒಂಬತ್ತಕ್ಕೆ ನುಗ್ಗಾಟ. ಶನಿವಾರ ಅದೇ ನುಗ್ಗಾಟ ಹತ್ತೂವರೆಗೆ. ಶುಕ್ರವಾರ ಹನ್ನೆರಡಕ್ಕೆ, ಬುಧವಾರ ಒಂದೂವರೆಗೆ, ಗುರುವಾರ ಮೂರಕ್ಕೆ, ಮಂಗಳವಾರ ನಾಲ್ಕೂವರೆಗೆ. ಆಪರೇಷನ್ನಿಗೆ ದಿನ ಕೇಳುವುದು ಮನೆಯಲ್ಲಿ ಒಂದು ಕಾರ್ಯದ ಹಾಗೆ. ರಾಹುಕಾಲದಲ್ಲಿ ಯಾರೂ ಕೇಳುತ್ತಿರಲಿಲ್ಲ. ಫೋನ್ ಕೈಯಲ್ಲಿ ಹಿಡಿದು ಮುಗಿಯುವುದನ್ನೇ ಕಾಯುತ್ತಿದ್ದರು. ಮುಗಿದ ನಿಮಿಷಕ್ಕೆ ಕವಲಂದೆಯಿಂದಲೂ ತಗಡೂರಿನಿಂದಲೂ ಬನ್ನೂರಿನಿಂದಲೂ ಎಲ್ಲರೂ ಒಟ್ಟಿಗೆ ಒತ್ತುತ್ತಿದ್ದರು.

ನನ್ನ ಗೆರೆ ಯಾಕೆ ಸಮವಾಗಿತ್ತೆಂದು ಆಗ ತಿಳಿಯಿತು. ನುಗ್ಗಾಟ ವಾರದ ಒಂದೊಂದು ದಿನ ಒಂದೊಂದು ಹೊತ್ತಿಗೆ. ದಿನಗಳನ್ನೆಲ್ಲ ಕೂಡಿಸಿ ಸರಾಸರಿ ತೆಗೆದಾಗ ಒಂದು ದಿನದ ಏರನ್ನು ಇನ್ನೊಂದು ದಿನದ ತಗ್ಗು ನುಂಗಿತ್ತು. ರಿಜಿಸ್ಟರಿನಲ್ಲಿ ಅದು ಇತ್ತು. ಸೋಮವಾರ, ಮಂಗಳವಾರ ಎಂದು ವಾರಗಳನ್ನು ಬೇರೆ ಬೇರೆ ಇಟ್ಟು ನೋಡಿದ್ದರೆ ಕಾಣುತ್ತಿತ್ತು. ಆ ರಿಜಿಸ್ಟರನ್ನು ನಾನು ಎಣಿಸಿದ್ದು ಇದೇ ಮೇಜಿನ ಮೇಲೆ, ಇದೇ ಕ್ಯಾಲೆಂಡರಿನ ಕೆಳಗೆ.

‘ನಿಮಗೆ ಇದು ಹೇಗೆ ಹೊಳೆಯಿತು?’ ಎಂದು ಕೇಳಿದೆ.

‘ನಮ್ಮನೇಲಿ ಬುದ್ಧನ ಫೋಟೋ ಐತೆ ಸಾ. ನಮ್ಮಪ್ಪನ ಕಾಲದಿಂದ್ಲೂ ರಾಹುಕಾಲ ಗುಳಿಕಾಲ ನೋಡಲ್ಲ. ಅದಕ್ಕೇ ನಂಗೆ, ಇದೇನು ಈ ಜನ ಹಿಂಗಾಡ್ತಾರೆ ಅನ್ನಿಸ್ತು. ನಿಮಗೆಲ್ಲ ಅದು ದಿನಾ ಇರೋದೆ.’

ತಾಯಿ ಕಾಫಿ ಲೋಟ ಇಟ್ಟು, ‘ದಿನಾ ಇರೋದೇ ಹೌದು’ ಎಂದು ಒಳಗೆ ಹೋದರು.

ಆದರೂ ಒಂದು ಪ್ರಶ್ನೆ ಉಳಿದಿತ್ತು. ನುಗ್ಗಾಟವಿದ್ದರೆ ಎಂಟೂ ಜನ ಮಾತಿನಲ್ಲಿರಬೇಕು. ಕ್ಯಾಮೆರಾದಲ್ಲಿ ನಾಲ್ವರು ಕೈಕಟ್ಟಿ ಕೂತಿದ್ದು ಯಾಕೆ? ಕೇಳಿದೆ. ‘ನಾ ಹೇಳಿದ್ರೆ ನನ್ ಕಡೆ ಮಾತಾಯ್ತದೆ. ನೀವೇ ಬಂದು ನೋಡಿ ಸಾ,’ ಎಂದರು. ನೋಟ್‌ಬುಕ್ ಬಿಟ್ಟು ಹೋದರು.

ಮರುದಿನ ಬುಧವಾರ. ಹನ್ನೊಂದಕ್ಕೆ ತಿ. ನರಸೀಪುರದಲ್ಲಿ ಬಸ್ಸಿಳಿದು ಮಹಡಿ ಹತ್ತಿದೆ. ಏಳು ಹುಡುಗಿಯರಿದ್ದರು, ಒಂದು ಕುರ್ಚಿ ಖಾಲಿ. ಗೋಡೆಯ ಮೇಲೆ ಗೇಟ್‌ವೇ ಪೆಟ್ಟಿಗೆ. ಅದರಲ್ಲಿ ಎಂಟು ದೀಪ, ಲೈನ್ ಕೆಲಸದಲ್ಲಿದ್ದರೆ ಹಸಿರು. ಪಕ್ಕದಲ್ಲೇ ಬನ್ನೂರಿನ ಗೊಬ್ಬರದ ಅಂಗಡಿಯವರು ಕೊಟ್ಟ ಕ್ಯಾಲೆಂಡರ್. ಖಾಲಿ ಕುರ್ಚಿಯಲ್ಲಿ ಕೂರಲು ಹೋದೆ. ಒಬ್ಬಳು ತಡೆದಳು.

‘ಅದು ಅಕ್ಕನ್ದು ಸಾ. ಸ್ಟೂಲ್ ತಗಳಿ.’

ಸ್ಟೂಲ್ ಮೇಲೆ ಕೂತೆ. ಹನ್ನೆರಡು ಹೊಡೆದ ಮೇಲೆ ದೀಪಗಳು ಒಂದೊಂದಾಗಿ ಆರಿದವು. ಒಂದೂವರೆ ತನಕ ಬಂದದ್ದು ಎರಡೇ ಕರೆ. ಒಂದು ರಾಂಗ್ ನಂಬರ್. ಹುಡುಗಿಯರು ಊಟದ ಡಬ್ಬಿ ಬಿಚ್ಚಿದರು.

‘ಬೇಗ ತಿನ್ರೇ. ರಾಹು ಹೊಂಟ ಅಂದ್ರೆ ಉಪ್ಪಿನಕಾಯಿ ನೆಕ್ಕಕ್ಕೂ ಟೈಮಿರಲ್ಲ.’

‘ಕ್ಯಾಮೆರಾ ಕಡೆ ತಿರುಗಿ ತಿನ್ನು. ಏನ್ ಸಾರು ಅಂತ ಟ್ರಸ್ಟಿನೋರ್ಗೂ ಗೊತ್ತಾಗ್ಲಿ.’

‘ಬಸ್ಸಾರು ಅಂತ ಬರ್ಕೊಂಡು ಅದಕ್ಕೊಂದು ನೋಟಿಸ್ ಕೊಟ್ಟಾರು, ಸುಮ್ನಿರೇ.’

ಒಂದೂವರೆಗೆ ಒಂದು ನಿಮಿಷ ದಾಟಿತ್ತು. ನಾಲ್ಕು ದೀಪ ಒಟ್ಟಿಗೆ ಹತ್ತಿದವು. ನಾಲ್ವರು ಕರೆ ತೆಗೆದುಕೊಂಡರು. ಹೆಸರು, ಊರು, ಯಾವ ಆಪರೇಷನ್ ಎಂದು ಕೇಳಿಕೊಂಡು ನಾಲ್ವರೂ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು. ‘ಒಂದ್ನಿಮಿಷ ಲೈನಲ್ಲೇ ಇರಿ ಅಮ್ಮ, ಆಸ್ಪತ್ರೆ ಕೇಳಿ ಹೇಳ್ತೀನಿ.’ ಕರೆಯನ್ನು ಹೋಲ್ಡಿನಲ್ಲಿಟ್ಟು ನಂಜನಗೂಡಿಗೆ ಫೋನ್ ಹಚ್ಚಿದರು. ಉಳಿದ ನಾಲ್ಕು ದೀಪಗಳೂ ಹತ್ತಿದವು.

ಎಂಟು ಹಸಿರು. ನಾಲ್ವರು ಮಾತಿನಲ್ಲಿ. ಉಳಿದ ಮೂವರ ಹೆಡ್‌ಸೆಟ್ ಕಿವಿಯಲ್ಲಿ, ಕೈ ತೊಡೆಯ ಮೇಲೆ. ಜೊತೆಗೆ ಆ ಖಾಲಿ ಕುರ್ಚಿ. ನಾನು ನನ್ನ ಮೊಬೈಲಿನಿಂದ ಕಾಲ್ ಸೆಂಟರಿನ ನಂಬರಿಗೆ ಕರೆ ಮಾಡಿದೆ. ಎಂಗೇಜ್. ಇನ್ನೊಮ್ಮೆ ಮಾಡಿದೆ. ಎಂಗೇಜ್.

ಕಂಪ್ಯೂಟರಿನ ಪಟ್ಟಿ ನೋಡಿ ದಿನ ಕೊಡುವುದಿಲ್ಲವೇ ಎಂದು ಕೈ ಖಾಲಿಯಿದ್ದ ಹುಡುಗಿಯನ್ನು ಕೇಳಿದೆ.

‘ಅದು ಉದ್ಘಾಟನೆ ದಿನ ತುಂಬಿದ್ದ ಪಟ್ಟಿ ಸಾ. ಅದ್ರಲ್ಲಿ ಈಗ್ಲೂ ಎಲ್ಲಾ ಹಾಸಿಗೇನೂ ಖಾಲಿ. ಫೋನ್ ಮಾಡಿ ಕೇಳಿ ಅಂತ ಆಸ್ಪತ್ರೆಯೋರೇ ಹೇಳವ್ರೆ.’

ಹಾಗಾದರೆ ಒಂದು ಕರೆಗೆ ಎರಡು ಲೈನು. ಎಂಟು ಲೈನಿನಲ್ಲಿ ನಾಲ್ಕೇ ಜನಕ್ಕೆ ಕೆಲಸ. ಉಳಿದ ನಾಲ್ವರು ಕೈಕಟ್ಟಿ ಕೂರುವುದು ಬಿಟ್ಟರೆ ಬೇರೇನೂ ಮಾಡುವ ಹಾಗಿಲ್ಲ. ಹೊರಗೆ ಎಂಗೇಜ್ ಕೇಳಿದವರ ಕರೆ ನಮ್ಮ ಪೆಟ್ಟಿಗೆಯ ತನಕ ಬಂದೇ ಇರುವುದಿಲ್ಲ. ಬರದ ಕರೆ ವರದಿಗೆ ಸೇರುವುದಿಲ್ಲ. ಕಾಯ್ದವರು ಸೊನ್ನೆ, ತಪ್ಪಿದವರು ಸೊನ್ನೆ. ಅಂಥ ಸೊನ್ನೆಯನ್ನೇ ನಾನು ರುಜುವಾತು ಎಂದು ಓದಿದ್ದೆ. ಪತ್ರಿಕೆಯಲ್ಲಿ ಎಳೆಯ ವರದಿಗಾರರಿಗೆ ನಾನು ಮೊದಲ ದಿನ ಹೇಳುತ್ತಿದ್ದ ಮಾತು, ಸ್ಥಳಕ್ಕೆ ಹೋಗದೆ ಬರೆಯಬೇಡಿ.

ಎರಡೂವರೆ ತನಕ ಅಲ್ಲೇ ಕೂತು ಐದು ನಿಮಿಷಕ್ಕೊಮ್ಮೆ ದೀಪ ಎಣಿಸಿ ಬರೆದುಕೊಂಡೆ. ಶನಿವಾರ ಮತ್ತೆ ಹೋದೆ, ಹತ್ತೂವರೆಗೆ. ಸೋಮವಾರ ಒಂಬತ್ತಕ್ಕೆ. ಮೂರು ದಿನವೂ ಅವರ ನೋಟ್‌ಬುಕ್ ಹೇಳಿದ್ದೇ ನಡೆಯಿತು.

ಟ್ರಸ್ಟಿಗೆ ಹೊಸ ಕಾಗದ ಬರೆದೆ. ಉಪಕರಣದಲ್ಲಿ ದೋಷವಿಲ್ಲ ಎಂಬುದು ನಿಜ, ದೋಷ ಇರುವುದು ನನ್ನ ಯೋಜನೆಯಲ್ಲಿ ಎಂದು ಶುರು ಮಾಡಿದೆ. ಎಲ್ಲಿ ತಪ್ಪಿದೆ, ಅದನ್ನು ಮೊದಲು ಕಂಡವರು ಯಾರು ಎಂದು ಬರೆದೆ. ಎಂಟು ಜನಕ್ಕೆ ಹದಿನಾರು ಲೈನು, ಅದರ ಮೇಲೆ ಕಾಯುವವರಿಗೆ ಎಂಟು, ಒಟ್ಟು ಇಪ್ಪತ್ನಾಲ್ಕು ಪೋರ್ಟಿನ ಗೇಟ್‌ವೇ ಬೇಕು ಎಂದೆ. ಹೊಸ ಪೆಟ್ಟಿಗೆ ಬಂದ ಮೇಲೆ ವರದಿಯಲ್ಲಿ ‘ಕಾಯ್ದ ಕರೆ’ ಎಂಬಲ್ಲಿ ದೊಡ್ಡ ಅಂಕಿ ಕಾಣುತ್ತದೆ, ಅದು ಹೊಸದಾಗಿ ಬಂದ ತೊಂದರೆಯಲ್ಲ, ಇಷ್ಟು ದಿನ ಕಾಣದೆ ಇದ್ದದ್ದು ಎಂದೂ ಸೇರಿಸಿದೆ. ನೋಟಿಸ್ ಇಬ್ಬರಲ್ಲಿ ಒಬ್ಬರಿಗೇ ಹೋದದ್ದು ಯಾಕೆ ಎಂದು ಕೊನೆಯಲ್ಲಿ ಒಂದು ಸಾಲಿನಲ್ಲಿ ಕೇಳಿದೆ. ಆ ಸಾಲಿಗೆ ಇವತ್ತಿನವರೆಗೂ ಉತ್ತರ ಬಂದಿಲ್ಲ.

ಮಿಕ್ಕದ್ದನ್ನು ಟ್ರಸ್ಟ್ ಒಪ್ಪಿಕೊಂಡಿತು. ನೋಟಿಸ್ ಹಿಂದಕ್ಕೆ ಪಡೆದ ಪತ್ರ ಅಂಚೆಯಲ್ಲಿ ಮೇಲ್ವಿಚಾರಕಿಯ ಊರಿಗೆ ಹೋಯಿತು. ಅವರು ಕೆಲಸಕ್ಕೆ ಬರಲಿಲ್ಲ. ಮೂರು ದಿನ ಕಳೆದ ಮೇಲೆ ಆಡಳಿತಾಧಿಕಾರಿ ನನಗೆ ಫೋನ್ ಮಾಡಿ, ‘ನೀವೇ ಒಂದು ಮಾತು ಹೇಳ್ರೀ, ಆಯಮ್ಮಂದು ಇನ್ನೇನಂತೆ’ ಎಂದರು. ನಾನು ಮೇಲ್ವಿಚಾರಕಿಗೆ ಫೋನ್ ಮಾಡಿದೆ.

‘ಓದಿದ್ದು ಎಲ್ಲರ ಮುಂದೆ ಸಾ. ವಾಪಸ್ ತಗಂಡಿದ್ದು ಕವರ್ ಒಳಗೆ. ಎಲ್ಲಿ ಓದಿದ್ರೋ ಅಲ್ಲೇ ಓದ್ಲಿ. ಅವತ್ತೇ ಕೂತ್ಕತೀನಿ.’

ಪತ್ರಿಕೆಯಲ್ಲೂ ಹಾಗೆಯೇ. ತಪ್ಪು ಮುಖಪುಟದಲ್ಲಿ ನಾಲ್ಕು ಕಾಲಂ, ತಿದ್ದುಪಡಿ ಒಳಪುಟದ ಮೂಲೆಯಲ್ಲಿ ಎರಡು ಸಾಲು. ಅಂಥ ತಿದ್ದುಪಡಿಗಳನ್ನು ವರ್ಷಗಟ್ಟಲೆ ಆ ಮೂಲೆಗೆ ಕಳಿಸಿದವನು ನಾನೇ.

ಆಡಳಿತಾಧಿಕಾರಿಗೆ ಅದು ಹಿಡಿಸಲಿಲ್ಲ. ‘ವಾಪಸ್ ತಗೊಂಡಿದ್ದಕ್ಕೂ ಡಂಗುರ ಹೊಡೆಸಬೇಕೇನ್ರೀ?’ ಎಂದರು. ಹೊಡೆಸಿದ್ದನ್ನು ಹಿಂದಕ್ಕೆ ಪಡೆಯಲು ಬೇರೆ ದಾರಿ ನನಗೆ ಗೊತ್ತಿಲ್ಲ ಎಂದೆ. ಕೊನೆಗೆ ಶುಕ್ರವಾರ ಬರುವುದಾಗಿ ಹೇಳಿದರು.

ಶುಕ್ರವಾರ ನಾನೂ ಹೋದೆ. ಹತ್ತೂಮುಕ್ಕಾಲಿಗೆ ಮೇಲ್ವಿಚಾರಕಿ ಬಂದರು, ಅದೇ ಪ್ಲಾಸ್ಟಿಕ್ ಚೀಲ ಹಿಡಿದು. ಒಳಗೆ ಬಂದವರು ತಮ್ಮ ಕುರ್ಚಿಯ ಪಕ್ಕದಲ್ಲಿ ನಿಂತರು, ಕೂರಲಿಲ್ಲ. ಆಡಳಿತಾಧಿಕಾರಿ ಕಾಗದ ಹೊರತೆಗೆದು ಕ್ಯಾಲೆಂಡರ್ ನೋಡಿ ಮತ್ತೆ ಜೇಬಿಗೆ ಇಟ್ಟರು.

‘ಹನ್ನೆರಡಾಗಲಿ ತಾಯಿ. ಒಳ್ಳೇ ಕೆಲಸ, ಒಳ್ಳೇ ಹೊತ್ತಲ್ಲೇ ಆಗಲಿ.’

‘ಹನ್ನೆರಡಾದ್ರೆ ಎಲ್ರಿಗೂ ಕೇಳ್ಸಲ್ಲ ಸಾ,’ ಎಂದರು ಅವರು. ‘ನಾಕು ಜನ ಫೋನಲ್ಲಿರ್ತಾರೆ. ಈಗ ಓದಿ.’

ಆಡಳಿತಾಧಿಕಾರಿ ಪೆಟ್ಟಿಗೆಯ ಕಡೆ ನೋಡಿದರು. ಒಂದು ದೀಪವೂ ಹತ್ತಿರಲಿಲ್ಲ. ಹುಡುಗಿಯರು ತಾವಾಗಿಯೇ ಹೆಡ್‌ಸೆಟ್ ತೆಗೆದು ಮೇಜಿನ ಮೇಲಿಟ್ಟು ಎದ್ದು ನಿಂತರು. ಕೆಳಗೆ ಬಸ್ಸಿನವನೊಬ್ಬ ನಂಜನಗೂಡು, ನಂಜನಗೂಡು ಎಂದು ಕೂಗುತ್ತಿದ್ದ. ಆಡಳಿತಾಧಿಕಾರಿ ಕಾಗದ ಬಿಚ್ಚಿ, ಮೊದಲಿನ ಸಲ ಕೂಗಿದ್ದ ಹೆಸರನ್ನು ಈ ಸಲ ‘ಶ್ರೀಮತಿ’ ಸೇರಿಸಿ ಓದಿದರು. ಆರೋಪಕ್ಕೆ ಆಧಾರವಿಲ್ಲವೆಂದು ಕಂಡುಬಂದಿರುವುದರಿಂದ ನೋಟಿಸನ್ನು ಬೇಷರತ್ತಾಗಿ ಹಿಂಪಡೆಯಲಾಗಿದೆ ಎಂಬ ಸಾಲಿನಲ್ಲಿ ಅವರ ದನಿ ತಗ್ಗಿತು. ಮೇಲ್ವಿಚಾರಕಿ, ‘ಆ ಸಾಲು ಇನ್ನೊಂದ್ಸಲ ಸಾ’ ಎಂದರು. ಆಡಳಿತಾಧಿಕಾರಿ ಇನ್ನೊಮ್ಮೆ ಓದಿದರು, ಗಟ್ಟಿಯಾಗಿ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವರು ಕುರ್ಚಿ ಎಳೆದು ಕೂತು, ಸೆರಗಿನಿಂದ ಹೆಡ್‌ಸೆಟ್ಟಿನ ಧೂಳು ಒರೆಸಿದರು. ಆಡಳಿತಾಧಿಕಾರಿ ಕೆಳಗಿಳಿದು ಹೋದರು. ಹೊಸ ಪೆಟ್ಟಿಗೆ ಬರಲು ಇನ್ನೂ ಮೂರು ವಾರವಿತ್ತು. ನಾನು ಸ್ಟೂಲಿನ ಮೇಲೆ ಕೂತು ಕಾದೆ.

ಹನ್ನೆರಡಕ್ಕೆ ದೀಪಗಳು ಹತ್ತತೊಡಗಿದವು. ಎರಡೇ ನಿಮಿಷ, ಎಂಟೂ ಹಸಿರು. ನಾಲ್ವರು ಮಾತಿನಲ್ಲಿದ್ದರು. ಉಳಿದ ಮೂವರಲ್ಲಿ ಒಬ್ಬಳು ಅಭ್ಯಾಸಬಲದಿಂದ ಕ್ಯಾಮೆರಾದ ಕಡೆ ನೋಡಿ, ಏನೋ ಕೆಲಸವಿರುವವಳ ಹಾಗೆ ಪೆನ್ನು ಎತ್ತಿಕೊಂಡಳು.

‘ಪೆನ್ ಕೆಳಗಿಡು,’ ಎಂದರು ಅವರು. ‘ಕೈ ಕಟ್ಕೊಂಡೇ ಕೂತ್ಕೋ. ಲೈನಿಲ್ಲ ಅಂದ್ರೆ ಇಲ್ಲ.’

ತಾವೂ ಕೈ ಕಟ್ಟಿ ಕೂತರು. ಆಮೇಲೆ ನನ್ನ ಕಡೆ ತಿರುಗಿ, ‘ಬರ್ಕಳಿ ಸಾ. ಹನ್ನೆರಡು ಗಂಟೆ ಎರಡು ನಿಮಿಷ. ಎಂಟೂ ತುಂಬ್ತು. ನಾವು ನಾಕು ಜನ ಖಾಲಿ’ ಎಂದರು.

ಬರೆದುಕೊಂಡೆ.